ಬೇಡ ಎಂದರೆ ಏನಾಗುತ್ತದೆ?

ನರ್ಸಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳ ಸಂಶೋಧನಾ ವರದಿಗಳು ಮೇಜಿನ ಮೇಲೆ ಬಂದಾಗ ನಾನು ಮೊದಲು ತೆರೆಯುವುದು ಕೊನೆಯ ಪುಟಗಳನ್ನು. ಕೋಷ್ಟಕಗಳೂ ಬಣ್ಣದ ನಕ್ಷೆಗಳೂ ಮುಗಿದ ಮೇಲೆ ಅನುಬಂಧದಲ್ಲಿ ಒಪ್ಪಿಗೆ ಪತ್ರದ ಮಾದರಿ ಇರುತ್ತದೆ. ಜೊತೆಗಿನ ಕಡತದಲ್ಲಿ ಸಹಿ ಅಥವಾ ಹೆಬ್ಬೆಟ್ಟು ಬಿದ್ದ ಪ್ರತಿಗಳು ಇರುತ್ತವೆ. ವಿಷಯಗಳು ನಮ್ಮ ಕಡೆಯ ಎಲ್ಲ ಕಾಲೇಜುಗಳಲ್ಲೂ ಹೆಚ್ಚುಕಡಿಮೆ ಒಂದೇ: ಆಯ್ದ ಆಸ್ಪತ್ರೆಯಲ್ಲಿ, ಆಯ್ದ ಹಳ್ಳಿಯಲ್ಲಿ, ಆಯ್ದ ತೋಟದಲ್ಲಿ ಇಂಥ ರೋಗದ ಬಗ್ಗೆ ಜನರ ತಿಳಿವಳಿಕೆ ಎಷ್ಟು, ಎಸ್‌ಟಿಪಿ, ಅಂದರೆ ಮೊದಲೇ ಸಿದ್ಧಪಡಿಸಿದ ಪಾಠ, ಕೊಟ್ಟ ಮೇಲೆ ಅದು ಎಷ್ಟು ಹೆಚ್ಚಿತು. ಅರವತ್ತು ಜನ ಬೇಕಿತ್ತು, ಅರವತ್ತು ಜನ ಸಿಕ್ಕಿದರು. ಕೇಳಿದವರಲ್ಲಿ ಒಬ್ಬರೂ ಬೇಡ ಎನ್ನಲಿಲ್ಲ. ಮದುವೆಗೆ ಅರವತ್ತು ಮನೆಯವರನ್ನು ಕರೆದರೆ ನಾಲ್ಕಾರು ಮನೆಯವರಾದರೂ ಬರಲಾಗುವುದಿಲ್ಲ ಎನ್ನುತ್ತಾರೆ. ಹೊಟ್ಟೆಯ ಹುಳು, ಮುಟ್ಟು, ರಕ್ತಹೀನತೆ ಇಂಥ ಖಾಸಗಿ ಸಂಗತಿಗಳ ಬಗ್ಗೆ ಅಪರಿಚಿತ ಹುಡುಗಿಯೊಬ್ಬಳು ಮೂವತ್ತು ಪ್ರಶ್ನೆ ಕೇಳಲು ಬಂದರೆ ಎಲ್ಲರೂ ಹೂಂ ಎಂದುಬಿಡುತ್ತಾರೆ. ಇದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಇದರಲ್ಲಿ ಮಕ್ಕಳ ತಪ್ಪು ಹುಡುಕುವ ಇರಾದೆ ನನಗಿಲ್ಲ. ಅವರು ಪತ್ರ ಓದಿಯೇ ಸಹಿ ಹಾಕಿಸಿಕೊಳ್ಳುತ್ತಾರೆ. ನನ್ನ ಚಿಂತೆ ಬೇರೆ. ಬಿಳಿ ಕೋಟು ಹಾಕಿದ ನರ್ಸ್ ಏನಾದರೂ ಕೇಳಿದರೆ ಹಾಸನ ಜಿಲ್ಲೆಯ ಹಳ್ಳಿಯ ಹೆಂಗಸು ಇಲ್ಲ ಎನ್ನುವುದಿಲ್ಲ. ಹೆರಿಗೆಯಲ್ಲಿ ಕೈಹಿಡಿದವಳು, ಮಗುವಿಗೆ ಲಸಿಕೆ ಹಾಕಿದವಳು ನರ್ಸ್. ಆಕೆ ಕೇಳಿದ್ದಕ್ಕೆ ಬೇಡ ಎನ್ನುವುದು ಹೇಗೆ? ಈ ನಂಬಿಕೆಯನ್ನು ನಮ್ಮ ವೃತ್ತಿ ಬಹಳ ಕಷ್ಟಪಟ್ಟು ಗಳಿಸಿದೆ. ಅಷ್ಟು ದೊಡ್ಡ ನಂಬಿಕೆ ಇರುವ ಕಡೆ ಒಪ್ಪಿಗೆಗೆ ಎಷ್ಟು ಬೆಲೆ ಎಂಬ ಪ್ರಶ್ನೆಯನ್ನು ನಾವು ಪಾಠದಲ್ಲಿ ಎತ್ತುವುದೇ ಇಲ್ಲ. ನರ್ಸಿಂಗ್ ಸಿದ್ಧಾಂತ ಮೊದಲ ವರ್ಷದ ನೋಟ್‌ಬುಕ್ಕಿನಲ್ಲಿ ಉಳಿಯುತ್ತದೆ, ನೀತಿಸಂಹಿತೆ ಅಲ್ಲೊಂದು ಇಲ್ಲೊಂದು ಅಧ್ಯಾಯದಲ್ಲಿ ಹಂಚಿಹೋಗಿದೆ, ಸಂಶೋಧನೆ ಕೊನೆಯಲ್ಲಿ ಸಂಖ್ಯಾಶಾಸ್ತ್ರದ ಜೊತೆ ಬರುತ್ತದೆ. ರೋಗಿಯ ಮುಂದೆ ನಿಂತಾಗ ಮೂರೂ ಒಟ್ಟಿಗೇ ಬೇಕಾಗುತ್ತವೆ ಎಂಬುದನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಕಣದ ಅಂಚಿನಲ್ಲಿ

ಸಕಲೇಶಪುರದ ಆಚೆಯ ಒಂದು ಕಾಫಿ ತೋಟ. ಕೊಯ್ಲಿನ ಕಾಲ. ತೋಟದ ಹೆಣ್ಣಾಳುಗಳಲ್ಲಿ ರಕ್ತಹೀನತೆಯ ಬಗ್ಗೆ ಇರುವ ತಿಳಿವಳಿಕೆಯನ್ನು ಅಳೆಯಲು ನಮ್ಮ ತಂಡವೊಂದು ಹೋಗಿತ್ತು. ಮಾರ್ಗದರ್ಶಕಿಯಾಗಿ ನಾನೂ ಇದ್ದೆ. ಸಾಹುಕಾರರು ಸಂತೋಷದಿಂದಲೇ ಅನುಮತಿ ಕೊಟ್ಟಿದ್ದರು. ಅವರು ತೋಟದ ಲೆಕ್ಕ, ಹಾಜರಿ ಬರೆಯುವ ರೈಟರಿಗೆ ಹೇಳಿದರು, ರೈಟರು ಮೇಸ್ತ್ರಿಗೆ ಹೇಳಿದರು. ನಾವು ತಲುಪುವ ಹೊತ್ತಿಗೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೆಂಗಸರನ್ನೆಲ್ಲ ಕಣದ ಅಂಚಿನಲ್ಲಿ ಸಾಲಾಗಿ ಕೂರಿಸಲಾಗಿತ್ತು. ಬುತ್ತಿಗಳು ಬದಿಯಲ್ಲಿದ್ದವು, ಯಾರೂ ಬಿಚ್ಚಿರಲಿಲ್ಲ. ವಿದ್ಯಾರ್ಥಿನಿ ಮಾಹಿತಿ ಪತ್ರವನ್ನು ಸ್ಪಷ್ಟವಾಗಿ ಓದಿದಳು: ಭಾಗವಹಿಸುವುದು ನಿಮ್ಮ ಇಷ್ಟ, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ಮೊದಲ ಸಾಲಿನಲ್ಲಿದ್ದ ಹೆಂಗಸಿನ ಬೆರಳುಗಳು ಹಣ್ಣಿನ ಅಂಟಿಗೆ ಕಪ್ಪಾಗಿದ್ದವು. ಇಂಕ್ ಪ್ಯಾಡಿಗೆ ಹೆಬ್ಬೆರಳು ಒತ್ತುವ ಮೊದಲು ಆಕೆ ಅದನ್ನು ಸೊಂಟಕ್ಕೆ ಕಟ್ಟಿದ್ದ ಗೋಣಿಗೆ ಎರಡು ಸಲ ಒರೆಸಿಕೊಂಡಳು. ಆಮೇಲೆ ತಲೆ ಎತ್ತದೆ ಕೇಳಿದಳು: "ಬೇಡ ಎಂದರೆ ಬಟವಾಡೆಯಲ್ಲಿ ಹಿಡಿಯುತ್ತಾರೆಯೇ ಸಿಸ್ಟರಮ್ಮ?"

ವಿದ್ಯಾರ್ಥಿನಿ ಪತ್ರವನ್ನು ಮಡಚಿಟ್ಟು, "ಇಲ್ಲ ಅಕ್ಕಾ, ಯಾರೂ ಹಿಡಿಯುವುದಿಲ್ಲ" ಎಂದಳು. ಹೇಳುತ್ತಲೇ ಅವಳ ಕಣ್ಣು ಹೋದದ್ದು ಹಾಜರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿರವೇ ನಿಂತಿದ್ದ ರೈಟರ ಕಡೆಗೆ. ಒಳ್ಳೆಯ ಮನುಷ್ಯ. ಸ್ವಲ್ಪ ದೂರ ಹೋಗಿ ಎಂದು ನಾನು ಕೇಳಿಕೊಂಡಾಗ ನಗುತ್ತಲೇ ಗೋದಾಮಿನ ಕಡೆ ನಡೆದರು. ಅವರು ಹೋದ ಮೇಲೆ ಮೂರು ನಾಲ್ಕು ಮಂದಿ ಹೆಂಗಸರು ಎದ್ದು ಬುತ್ತಿ ತೆಗೆದುಕೊಂಡು ಸಿಲ್ವರ್ ಮರಗಳ ನೆರಳಿಗೆ ಹೋಗಿ ಊಟಕ್ಕೆ ಕುಳಿತರು. ಅವರಿಗೆ ನಮ್ಮ ಮೇಲೆ ಕೋಪವಿರಲಿಲ್ಲ, ಹಸಿವಾಗಿತ್ತು, ಅಷ್ಟೇ. ಅಷ್ಟು ಸಣ್ಣ ಮಾತನ್ನು ಹೇಳುವುದಕ್ಕೂ ಹಾಜರಿ ಪುಸ್ತಕ ಕಣ್ಮರೆಯಾಗಬೇಕಾಗಿತ್ತು.

ಪುಸ್ತಕದ ಪ್ರಕಾರ ಒಪ್ಪಿಗೆ ಸರಿಯಾಗಬೇಕಾದರೆ ಮಾಹಿತಿ ಕೊಟ್ಟಿರಬೇಕು, ಅದು ಅರ್ಥವಾಗಿರಬೇಕು, ನಿರ್ಧರಿಸುವ ಶಕ್ತಿ ಇರಬೇಕು, ಒತ್ತಡ ಇರಬಾರದು. ಮೊದಲ ಮೂರೂ ಆ ಕಣದಲ್ಲಿ ಇದ್ದವು. ನಾಲ್ಕನೆಯದು ಮಾತ್ರ ನಮ್ಮ ಪತ್ರದಲ್ಲಿದ್ದ ಯಾವ ವಾಕ್ಯದಿಂದಲೂ ಬರುವಂಥದ್ದಾಗಿರಲಿಲ್ಲ. ಅದು ಯಾರು ಎಲ್ಲಿ ನಿಂತಿದ್ದರು, ಯಾರ ಬಿಡುವಿನ ಹೊತ್ತನ್ನು ನಾವು ಬಳಸುತ್ತಿದ್ದೆವು ಎಂಬುದರ ಮೇಲೆ ನಿಂತಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರತಂದ ನೀತಿ ಮಾರ್ಗಸೂಚಿ ಓದುಬರಹ ಬಾರದವರು ಹೆಬ್ಬೆಟ್ಟು ಒತ್ತುವಾಗ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರು ಇರಬೇಕು ಎನ್ನುತ್ತದೆ. ಅಂದು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಲು ಸಿದ್ಧರಾಗಿ ನಿಂತಿದ್ದವರೂ ರೈಟರೇ. ಅಲ್ಲಿ ಪೆನ್ನು ಹಿಡಿಯುವ ಅಭ್ಯಾಸವಿದ್ದವರು ಅವರೊಬ್ಬರೇ ಆಗಿದ್ದರು.

ಯೂನಿಸ್ ರಿವರ್ಸ್

ತೋಟದಿಂದ ಬಂದ ವಾರ ತರಗತಿಯಲ್ಲಿ ಅಮೆರಿಕದ ಟಸ್ಕೀಗಿ ಎಂಬಲ್ಲಿ ನಡೆದ ಅಧ್ಯಯನದ ಪಾಠ ಇತ್ತು. ಸಾಮಾನ್ಯವಾಗಿ ಇದನ್ನು ವೈದ್ಯರ ಅಪರಾಧದ ಕಥೆಯಾಗಿ ಹೇಳಿ ಮುಗಿಸುತ್ತಾರೆ. 1932ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ ಅಲಬಾಮಾ ರಾಜ್ಯದ ಮೇಕನ್ ಕೌಂಟಿಯಲ್ಲಿ ಆರುನೂರು ಬಡ ಕಪ್ಪು ಗಂಡಸರನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು; 399 ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು, 201 ಮಂದಿಗೆ ಇರಲಿಲ್ಲ. ಅವರಿಗೆ ಹೇಳಿದ್ದು ಕೆಟ್ಟ ರಕ್ತಕ್ಕೆ ಚಿಕಿತ್ಸೆ ಎಂದು. ನಿಜವಾದ ಉದ್ದೇಶ ಚಿಕಿತ್ಸೆಯಿಲ್ಲದ ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುವುದು. 1940ರ ದಶಕದ ಕೊನೆಯ ಹೊತ್ತಿಗೆ ಪೆನಿಸಿಲಿನ್ ಆ ರೋಗದ ಮಾಮೂಲಿ ಔಷಧವಾದರೂ ಅವರಿಗೆ ಅದನ್ನು ಕೊಡಲಿಲ್ಲ. 1972ರಲ್ಲಿ ಪತ್ರಿಕೆಗಳಲ್ಲಿ ಬಯಲಾದ ಮೇಲೆಯೇ ಅಧ್ಯಯನ ನಿಂತದ್ದು.

ನಲವತ್ತು ವರ್ಷಗಳಲ್ಲಿ ವೈದ್ಯರು ಬಂದರು, ಹೋದರು. ಮೊದಲಿನಿಂದ ಹೆಚ್ಚುಕಡಿಮೆ ಕೊನೆಯವರೆಗೂ ಆ ಗಂಡಸರಿಗೂ ಇಲಾಖೆಗೂ ನಡುವಿನ ಕೊಂಡಿಯಾಗಿದ್ದವರು ಯೂನಿಸ್ ರಿವರ್ಸ್ ಎಂಬ ನರ್ಸ್. ಅವರೂ ಕಪ್ಪು ಜನಾಂಗದವರು, ಆ ಜನರ ನಡುವೆಯೇ ಕೆಲಸ ಮಾಡಿದವರು. ತಪಾಸಣೆಯ ದಿನ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು, ಮನೆಯವರ ಯೋಗಕ್ಷೇಮ ವಿಚಾರಿಸುತ್ತಿದ್ದರು. ಶವಪರೀಕ್ಷೆಗೆ ಮನೆಯವರನ್ನು ಒಪ್ಪಿಸುವ ಕೆಲಸವೂ ಅವರದೇ. ಪ್ರತಿಯಾಗಿ ಅಂತ್ಯಸಂಸ್ಕಾರದ ಖರ್ಚು ಸಿಗುತ್ತಿತ್ತು. ಆ ಗಂಡಸರು ಇಲಾಖೆಯನ್ನು ನಂಬಲಿಲ್ಲ, ನರ್ಸ್ ರಿವರ್ಸ್ ಅವರನ್ನು ನಂಬಿದರು. ಅವರು ಕೆಟ್ಟವರಾಗಿದ್ದರೇ, ವರ್ಣಭೇದದ ಆ ಕಾಲದಲ್ಲಿ ಕೈಕಟ್ಟಿಹಾಕಿಸಿಕೊಂಡ ಉದ್ಯೋಗಿಯಾಗಿದ್ದರೇ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ನನಗೆ ಆ ತೀರ್ಪಿಗಿಂತ ಮುಖ್ಯವಾದ ಸಂಗತಿ ಇದು: ಒಳ್ಳೆಯ ನರ್ಸ್ ಮಾಡುವ ಕೆಲಸಗಳನ್ನೆಲ್ಲ ಅವರು ಮಾಡಿದರು. ವಿಚಾರಿಸಿದರು, ಜೊತೆಗೆ ನಿಂತರು, ಹೆಸರು ಹಿಡಿದು ಕರೆದರು. ಆ ಒಳ್ಳೆಯತನವೇ ಅಧ್ಯಯನವನ್ನು ಅಷ್ಟು ಕಾಲ ನಡೆಸಿತು. ಟಸ್ಕೀಗಿಯ ನಂತರ 1979ರಲ್ಲಿ ಬಂದ ಬೆಲ್ಮಾಂಟ್ ವರದಿ ವ್ಯಕ್ತಿಗೌರವ, ಹಿತ, ನ್ಯಾಯ ಎಂಬ ಮೂರು ತತ್ವಗಳನ್ನು ಹೇಳಿತು. ನಮ್ಮ ಮಕ್ಕಳು ಅವನ್ನು ಐದು ಅಂಕಗಳಿಗೆ ಬರೆಯುತ್ತಾರೆ. ಅದರ ಹಿಂದೆ ತಮ್ಮಂಥದ್ದೇ ಸಮವಸ್ತ್ರ ತೊಟ್ಟ ಹೆಂಗಸೊಬ್ಬರು ಇದ್ದರು ಎಂದು ತಿಳಿದ ದಿನ ತರಗತಿಯಲ್ಲಿ ಪ್ರಶ್ನೆಗಳು ನಿಲ್ಲಲಿಲ್ಲ.

ಶಕ್ತಿ, ಮನಸ್ಸು, ತಿಳಿವಳಿಕೆ

ಸಿದ್ಧಾಂತದ ಪಾಠ ಒಣ ಎನ್ನುವ ದೂರು ಹಳೆಯದು. ಹೆಸರು, ಇಸವಿ, ಬಾಣದ ಗುರುತುಗಳ ಚೌಕಟ್ಟು ಬಾಯಿಪಾಠ ಮಾಡಿಸಿದರೆ ಒಣಗದೆ ಇನ್ನೇನು? ಆದರೆ ಅಮೆರಿಕದ ನರ್ಸ್ ವರ್ಜೀನಿಯಾ ಹೆಂಡರ್ಸನ್ ನರ್ಸಿಂಗ್ ಎಂದರೇನು ಎಂದು ಹೇಳಿದ ಮಾತನ್ನು ನಾನು ಪ್ರತಿ ತಂಡಕ್ಕೂ ನಿಧಾನವಾಗಿ ಓದಿ ಹೇಳುತ್ತೇನೆ. ಸಾರ ಇಷ್ಟು: ಶಕ್ತಿ, ಮನಸ್ಸು, ತಿಳಿವಳಿಕೆ ಇದ್ದಿದ್ದರೆ ಮನುಷ್ಯ ತನ್ನ ಆರೋಗ್ಯಕ್ಕಾಗಿ ತಾನೇ ಏನು ಮಾಡಿಕೊಳ್ಳುತ್ತಿದ್ದನೋ ಅದನ್ನು ಮಾಡಲು ನೆರವಾಗುವುದು, ಸಾವು ಬಂದರೆ ಅದು ಶಾಂತವಾಗಿ ಬರಲು ನೆರವಾಗುವುದು, ಆದಷ್ಟು ಬೇಗ ಅವನು ತನ್ನ ಕಾಲ ಮೇಲೆ ತಾನು ನಿಲ್ಲುವಂತೆ ಮಾಡುವುದು. ಇದರ ಜೊತೆಗೆ ಉಸಿರಾಟದಿಂದ ಕಲಿಕೆಯವರೆಗಿನ ಹದಿನಾಲ್ಕು ಅಗತ್ಯಗಳನ್ನು ಅವರು ಹೇಳಿದರು. ಪರೀಕ್ಷೆಗೆ ಬರುವುದು ಆ ಹದಿನಾಲ್ಕು. ನನಗೆ ಮುಖ್ಯವೆನಿಸುವುದು ಮೊದಲ ವಾಕ್ಯ. ರೋಗಿ ತಾನೇ ಏನು ಮಾಡಿಕೊಳ್ಳುತ್ತಿದ್ದ ಎಂಬುದು ಅವನನ್ನು ಕೇಳದೆ ನಮಗೆ ಹೇಗೆ ಗೊತ್ತಾಗಬೇಕು? ಇನ್ನೊಬ್ಬ ಸಿದ್ಧಾಂತಕಾರ್ತಿ ಡೊರೊಥಿಯಾ ಓರೆಮ್ ಇದನ್ನೇ ಇನ್ನೊಂದು ಬದಿಯಿಂದ ಹೇಳುತ್ತಾರೆ. ತನ್ನನ್ನು ತಾನು ನೋಡಿಕೊಳ್ಳುವುದರಲ್ಲಿ ರೋಗಿಗೆ ಎಷ್ಟು ಕೊರತೆ ಇದೆಯೋ ಅಷ್ಟನ್ನು ಮಾತ್ರ ನರ್ಸ್ ತುಂಬಬೇಕು: ಪೂರ್ತಿ ಮಲಗಿದವನಿಗೆ ಪೂರ್ತಿಯಾಗಿ, ಅರ್ಧ ಆಗುವವನಿಗೆ ಅರ್ಧ, ಎಲ್ಲ ಆಗುವವನಿಗೆ ಧೈರ್ಯ ಮತ್ತು ಮಾಹಿತಿ. ಕೈಯಲ್ಲಿ ತುತ್ತು ಎತ್ತಬಲ್ಲ ಅಜ್ಜನಿಗೆ ಬೇಗ ಮುಗಿಯಲಿ ಎಂದು ನಾವೇ ಉಣ್ಣಿಸಿದರೆ ಅದು ಉಪಚಾರವಾಗುವುದಿಲ್ಲ. ನಿರ್ಧಾರವೂ ಹಾಗೆಯೇ. ನಿರ್ಧರಿಸಬಲ್ಲವನ ಪರವಾಗಿ ನಾವು ನಿರ್ಧರಿಸಿದರೆ ಓರೆಮ್ ಅವರ ಲೆಕ್ಕದಲ್ಲಿ ನಾವು ಇಲ್ಲದ ಕೊರತೆಯೊಂದನ್ನು ಹುಟ್ಟಿಸುತ್ತಿದ್ದೇವೆ.

ತಿರುಗಿಸಬೇಡಿ

ಹಾಸನದ ಒಂದು ಆಸ್ಪತ್ರೆಯ ಗಂಡಸರ ವಾರ್ಡ್. ಲಕ್ವ ಹೊಡೆದು ಬಲಭಾಗ ಸ್ವಾಧೀನ ತಪ್ಪಿದ್ದ ವೃದ್ಧರು, ಆಲೂಗಡ್ಡೆ ಬೆಳೆಯುವ ರೈತರು. ಮಾತು ತೊದಲುತ್ತಿತ್ತು, ತಿಳಿವಳಿಕೆ ಸರಿಯಾಗಿಯೇ ಇತ್ತು. ಬೆಡ್‌ಸೋರ್ ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಚಾರ್ಟಿನಲ್ಲಿ ಬರೆದಿತ್ತು. ನೈಟ್ ಡ್ಯೂಟಿಯಲ್ಲಿದ್ದ ವಿದ್ಯಾರ್ಥಿನಿ ಹೋದಾಗಲೆಲ್ಲ ಅವರು ಎಡಗೈ ಆಡಿಸಿ ಬೇಡ ಎನ್ನುತ್ತಿದ್ದರು. ಮಗ "ಮಲಗಲಿ ಬಿಡಿ ಸಿಸ್ಟರ್, ನೋವು ತಿನ್ನುತ್ತಿದ್ದಾರೆ" ಎನ್ನುತ್ತಿದ್ದರು. ಬೆಳಿಗ್ಗೆ ಅವಳು ನನ್ನ ಬಳಿ ಬಂದು ಹೇಳಿದಳು: "ಮೇಡಂ, ತಿರುಗಿಸದಿದ್ದರೆ ಹುಣ್ಣಾಗುತ್ತದೆ. ತಿರುಗಿಸಿದರೆ ಅವರ ಮಾತು ಮೀರಿದಂತಾಗುತ್ತದೆ. ಸ್ವಾಯತ್ತತೆಯೋ, ಹಾನಿ ಮಾಡದಿರುವುದೋ? ಯಾವುದು ಮೇಲು?" ಬೆಲ್ಮಾಂಟ್ ವರದಿಯ ಮೂರು ತತ್ವಗಳ ಜೊತೆಗೆ, ಸ್ವಾಯತ್ತತೆ, ಹಿತ, ಹಾನಿ ಮಾಡದಿರುವುದು, ನ್ಯಾಯ ಎಂಬ ನಾಲ್ಕು ತತ್ವಗಳನ್ನೂ 1979ರಿಂದ ಜಗತ್ತಿನಲ್ಲೆಲ್ಲ ಕಲಿಸುತ್ತಾರೆ; ಅವುಗಳಲ್ಲಿ ಎರಡನ್ನು ಅವಳು ಎದುರುಬದುರಾಗಿ ನಿಲ್ಲಿಸಿದ್ದಳು.

ನಾವಿಬ್ಬರೂ ಹಾಸಿಗೆಯ ಬಳಿ ಹೋದೆವು. ಯಾವ ಮಗ್ಗುಲು ಬೇಡ ಎಂದು ಅವಳು ಬೆರಳು ತೋರಿಸುತ್ತ ಒಂದೊಂದಾಗಿ ಕೇಳಿದಳು. ಎಡಕ್ಕೆ ಅಭ್ಯಂತರ ಇರಲಿಲ್ಲ. ಬಲಕ್ಕೆ ಎಂದಾಗ ಮುಖ ಕಿವುಚಿ ಎಡಗೈಯಿಂದ ಬಲ ಭುಜವನ್ನು ಮುಟ್ಟಿ ತೋರಿಸಿದರು. ರಾತ್ರಿ ಸಹಾಯಕ್ಕೆ ಬಂದವರು ಸ್ವಾಧೀನವಿಲ್ಲದ ತೋಳನ್ನೇ ಹಿಡಿದು ಎಳೆದು ಹೊರಳಿಸುತ್ತಿದ್ದರು. ಲಕ್ವ ಹೊಡೆದ ಕಡೆಯ ಭುಜದ ಸ್ನಾಯುಗಳು ಸಡಿಲವಾಗಿರುತ್ತವೆ, ಕೀಲು ಸುಲಭವಾಗಿ ಜಾರುತ್ತದೆ, ಎಳೆದರೆ ವಿಪರೀತ ನೋವು. ಮೈಕೆಳಗೆ ಅಡ್ಡ ಬೆಡ್‌ಶೀಟ್ ಹಾಕಿ ಇಬ್ಬರು ಎತ್ತಿ ಹೊರಳಿಸಿ, ತೋಳನ್ನು ಮುಂದಕ್ಕೆ ಚಾಚಿ ದಿಂಬಿನ ಆಸರೆ ಕೊಟ್ಟ ಮೇಲೆ ಅವರು ಬಲ ಮಗ್ಗುಲಿಗೂ ಒಪ್ಪಿದರು. ತತ್ವಗಳ ಜಗಳ ಅಲ್ಲಿ ಇರಲೇ ಇಲ್ಲ. ಅವರ ಬೇಡ ಎಂಬ ಮಾತಿನಲ್ಲಿ ಒಂದು ನೋವಿನ ವಿವರ ಇತ್ತು. ಯಾವ ಮಗ್ಗುಲು, ಎಲ್ಲಿ ನೋವು ಎಂದು ಕೇಳುವವರೆಗೆ ಅದು ಚಾರ್ಟಿಗೆ ಏರಿರಲಿಲ್ಲ. ಎಲ್ಲ ನಿರಾಕರಣೆಯೂ ಹೀಗೆ ಬಗೆಹರಿಯುತ್ತದೆ ಎನ್ನಲಾರೆ. ಕಾರಣ ಕೇಳಿ, ತೊಂದರೆ ತಿಳಿಸಿ, ಆಮೇಲೂ ಬೇಡ ಎಂದರೆ ಅದು ಅವರ ಹಕ್ಕು. ಕಾರಣ ಕೇಳದೆ ಸ್ವಾಯತ್ತತೆ ಎಂದು ಬರೆದು ಕೈತೊಳೆದುಕೊಳ್ಳುವುದು ಮಾತ್ರ ಗೌರವವಲ್ಲ.

ಅದೇ ದಿನ ಇನ್ನೊಬ್ಬ ಹುಡುಗ ಕೇಳಿದ: ಎರಡೇ ಗಂಟೆ ಏಕೆ? ನಾನು ಬಯಸುವ ಸಂಶೋಧನೆ ಹುಟ್ಟುವುದು ಇಂಥ ಕಡೆ. 1962ರಲ್ಲಿ ಇಂಗ್ಲೆಂಡಿನ ಡೊರೀನ್ ನಾರ್ಟನ್ ಎಂಬ ನರ್ಸ್ ತಮ್ಮ ಸಹೋದ್ಯೋಗಿಗಳೊಂದಿಗೆ ವೃದ್ಧರ ವಾರ್ಡುಗಳಲ್ಲಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಚರ್ಮಕ್ಕೆ ಹಚ್ಚುತ್ತಿದ್ದ ನಾನಾ ದ್ರಾವಣ, ಮುಲಾಮುಗಳಿಗಿಂತ ಆಗಾಗ ಮಗ್ಗುಲು ಬದಲಿಸುವುದೇ ಹುಣ್ಣನ್ನು ತಡೆಯುತ್ತದೆ ಎಂಬುದು ಅಂಥ ಕೆಲಸದಿಂದ ಗಟ್ಟಿಯಾಯಿತು. ಯಾರಿಗೆ ಅಪಾಯ ಹೆಚ್ಚು ಎಂದು ಅಂದಾಜಿಸುವ ಅಂಕಪಟ್ಟಿಯನ್ನೂ ಅವರು ಕೊಟ್ಟರು. 1980ರ ದಶಕದಲ್ಲಿ ಬಂದ ಬ್ರೇಡನ್ ಮಾಪನ ಅದೇ ದಾರಿಯದು, ರೂಪಿಸಿದವರೂ ನರ್ಸ್‌ಗಳೇ. 2013ರಲ್ಲಿ ಅಮೆರಿಕ ಮತ್ತು ಕೆನಡಾದ ವೃದ್ಧಾಶ್ರಮಗಳಲ್ಲಿ 900ಕ್ಕೂ ಹೆಚ್ಚು ಜನರನ್ನು ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ತಿರುಗಿಸಿ ಹೋಲಿಸಿದರು. ಹುಣ್ಣಾಗುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ನಾವೂ ನಾಲ್ಕು ಗಂಟೆಗೊಮ್ಮೆ ತಿರುಗಿಸಬಹುದೇ ಎಂದು ಹುಡುಗ ಕೇಳಿದ. ಅಲ್ಲಿ ಎಲ್ಲರೂ ಮಲಗಿದ್ದು ಒತ್ತಡ ಹಂಚುವ ದಪ್ಪ ಫೋಮ್ ಹಾಸಿಗೆಯ ಮೇಲೆ. ನಮ್ಮ ವಾರ್ಡಿನದು ನಡುವೆ ತಗ್ಗು ಬಿದ್ದ ರೆಕ್ಸಿನ್ ಹಾಸಿಗೆ, ಬೆವರಿಳಿಸುವ ಏಪ್ರಿಲ್. ಅಧ್ಯಯನದ ಫಲಿತಾಂಶವನ್ನು ಅದರ ಹಾಸಿಗೆಯ ಸಮೇತ ಓದಬೇಕು. ನಮ್ಮ ಹಾಸಿಗೆಯ ಮೇಲೆ ಏನಾಗುತ್ತದೆ ಎಂದು ತಿಳಿಯಲು ಒಂದು ಗುಂಪನ್ನು ತಿರುಗಿಸದೆ ಬಿಡುವ ಪ್ರಯೋಗ ಮಾಡುವಂತಿಲ್ಲ. ಅದು ಟಸ್ಕೀಗಿಯ ಹಾದಿ. ರಾತ್ರಿಪಾಳಿಯಲ್ಲಿ ನಿಜಕ್ಕೂ ಎಷ್ಟು ಸಲ ತಿರುಗಿಸುತ್ತಾರೆ, ಯಾರ ಮೈ ಎಲ್ಲಿ ಕೆಂಪಾಗುತ್ತದೆ ಎಂದು ನೋಡಿ ದಾಖಲಿಸಬಹುದು, ಕೆಂಪಾದದ್ದು ಕಂಡ ಕೂಡಲೇ ಉಪಚರಿಸಬೇಕು. ಮತ್ತೊಂದು ಎಸ್‌ಟಿಪಿಗಿಂತ ಇಂಥ ಒಂದು ಸಣ್ಣ ವೀಕ್ಷಣಾ ಅಧ್ಯಯನ ನನಗೆ ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಕೇಳಲಾಗದವರು

ಕೇಳಿದರೂ ಉತ್ತರಿಸಲಾಗದವರ ಮಾತು ಬಂದರೆ ತರಗತಿಯಲ್ಲಿ ಅರುಣಾ ಶಾನ್‌ಭಾಗ್ ಅವರ ಹೆಸರು ಬಂದೇ ಬರುತ್ತದೆ. ಉತ್ತರ ಕನ್ನಡದ ಹಳದೀಪುರದವರು, ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್‌ನಲ್ಲಿ ಆಸ್ಪತ್ರೆಯೊಳಗೇ ನಡೆದ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ, 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅಷ್ಟು ವರ್ಷ ಅವರಿಗೆ ಉಣ್ಣಿಸಿ, ಮೈ ಒರೆಸಿ, ಮಗ್ಗುಲು ಬದಲಿಸಿದವರು ಅಲ್ಲಿನ ನರ್ಸ್‌ಗಳು. ದಯಾಮರಣ ಕೋರಿದ ಅರ್ಜಿಯನ್ನು 2011ರಲ್ಲಿ ವಜಾ ಮಾಡಿದ ಸುಪ್ರೀಂ ಕೋರ್ಟ್ ಆ ಸೇವೆಯನ್ನು ಮನಸಾರೆ ಹೊಗಳಿತು. ಆ ನರ್ಸ್‌ಗಳಿಗೆ ನಾನು ತಲೆಬಾಗುತ್ತೇನೆ. ಆದರೂ ಅರುಣಾ ಅವರಿಗೆ ಏನು ಬೇಕಿತ್ತು ಎಂದು ಯಾರಿಗೂ ತಿಳಿಯಲಿಲ್ಲ, ತಿಳಿಯುವ ದಾರಿಯೂ ಇರಲಿಲ್ಲ. 2018ರಲ್ಲಿ ಅದೇ ನ್ಯಾಯಾಲಯ, ಪ್ರಜ್ಞೆ ಇದ್ದಾಗಲೇ ಮುಂದಿನ ಚಿಕಿತ್ಸೆಯ ಬಗ್ಗೆ ಬರೆದಿಡುವ ಹಕ್ಕನ್ನು ಮಾನ್ಯ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಬರೆದಿಡುವವರು ನಮ್ಮಲ್ಲಿ ಇನ್ನೂ ವಿರಳ. ಹೆಚ್ಚಿನವರು ರಾತ್ರಿ ಎರಡು ಗಂಟೆಗೆ ಡ್ರಿಪ್ ನೋಡಲು ಬಂದ ನರ್ಸ್ ಬಳಿ "ಇನ್ನೊಮ್ಮೆ ಆ ಮೆಷಿನ್‌ಗೆ ಹಾಕಬೇಡಿ ತಾಯಿ" ಎಂದಷ್ಟೇ ಹೇಳಿರುತ್ತಾರೆ. ಆ ಮಾತನ್ನು ಹೇಳಿದಂತೆಯೇ ನರ್ಸಿಂಗ್ ನೋಟ್ಸ್‌ನಲ್ಲಿ ಬರೆದು, ಬೆಳಗಿನ ರೌಂಡ್ಸ್‌ನಲ್ಲಿ ವೈದ್ಯರ ಗಮನಕ್ಕೆ ತರುವುದು ಔಷಧ ಕೊಟ್ಟ ಸಮಯ ಬರೆಯುವಷ್ಟೇ ಕಡ್ಡಾಯ ಎಂದು ನಾನು ಕಲಿಸುತ್ತೇನೆ.

ಈಗಿನ ತಂಡ

ತೋಟದ ಅಧ್ಯಯನಗಳನ್ನು ಈಗ ನಾವು ಕಣದಲ್ಲಿ ಮಾಡುವುದಿಲ್ಲ. ದಿನದ ಕೆಲಸ ಮುಗಿದ ಮೇಲೆ ಆಳುಗಳು ವಾಸಿಸುವ ಲೈನ್ ಮನೆಗಳಿಗೆ ಹೋಗುತ್ತೇವೆ. ಮೊದಲ ದಿನ ವಿಷಯ ಹೇಳಿ ಬರುವುದು, ಸಹಿಗೆ ಇನ್ನೊಂದು ದಿನ. ಹೇಳಿದ್ದನ್ನು ಅವರ ಮಾತಿನಲ್ಲೇ ತಿರುಗಿ ಹೇಳಿಸುವುದು. ಸಾಕ್ಷಿಯಾಗಿ ತೋಟದ ನೌಕರರಲ್ಲದವರನ್ನು, ಸಾಧ್ಯವಾದರೆ ಅಂಗನವಾಡಿ ಕಾರ್ಯಕರ್ತೆಯನ್ನು ಕರೆಯುವುದು. ಎಷ್ಟು ಮಂದಿಯನ್ನು ಕೇಳಿದೆವು, ಎಷ್ಟು ಮಂದಿ ಒಪ್ಪಲಿಲ್ಲ ಎಂಬುದನ್ನು ವರದಿಯಲ್ಲಿ ಕಾಣಿಸುವುದು. ಇದರಿಂದ ಮಾದರಿಯ ಸಂಖ್ಯೆ ಕಡಿಮೆಯಾಗುತ್ತದೆ, ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಸಿಗುವ ಉತ್ತರಗಳು ಮಾತ್ರ ಬೇರೆಯೇ. ಊಟದ ಜೊತೆ ಕಾಫಿ ಕುಡಿದರೆ ಆಹಾರದ ಕಬ್ಬಿಣ ಮೈಗೆ ಹತ್ತುವುದು ಕಡಿಮೆ ಎಂದು ಆ ಹೆಂಗಸರಿಗೆ ಆಶಾ ಕಾರ್ಯಕರ್ತೆ ಯಾವಾಗಲೋ ಹೇಳಿದ್ದಾರೆ. ಗೊತ್ತಿದ್ದೂ ಕುಡಿಯುತ್ತಾರೆ, ಏಕೆಂದರೆ ಬೆಳಗಿನ ಚಳಿಯಲ್ಲಿ ಮತ್ತೊಂದು ಸುತ್ತು ಕೆಲಸಕ್ಕೆ ಮೈ ಏಳಿಸುವುದು ಅದೇ ಕರಿ ಕಾಫಿ. ಕಣದಲ್ಲಿ ತುಂಬಿಸಿದ ಪ್ರಶ್ನಾವಳಿಯಲ್ಲಿ ಇದು ತಿಳಿವಳಿಕೆಯ ಕೊರತೆ ಎಂದು ದಾಖಲಾಗುತ್ತಿತ್ತು.

ಬಗೆಹರಿಯದೆ ಉಳಿದಿರುವುದು ಅಸ್ಸಾಮಿನಿಂದ ಬಂದ ಕುಟುಂಬಗಳ ವಿಷಯ. ಹಾಸನ, ಚಿಕ್ಕಮಗಳೂರು ಎರಡೂ ಕಡೆಯ ತೋಟಗಳ ಲೈನ್ ಮನೆಗಳಲ್ಲಿ ಈಗ ಅವರು ಬಹಳ ಮಂದಿ ಇದ್ದಾರೆ. ನಮ್ಮ ಕನ್ನಡದ ಪತ್ರ ಅವರಿಗೆ ಬರಿಯ ಕಾಗದ. ಎರಡೂ ಭಾಷೆ ಬಲ್ಲವನು ಅವರನ್ನು ಕರೆತಂದ ಮೇಸ್ತ್ರಿ. ಅವರ ಕೂಲಿಯ ಲೆಕ್ಕವೂ ಅವನ ಕೈಯಲ್ಲೇ ಇದೆ. ಈ ವರ್ಷದ ತಂಡ ಪ್ರಸ್ತಾವನೆಯಲ್ಲಿ ಕನ್ನಡ ಬಲ್ಲವರನ್ನು ಮಾತ್ರ ಆರಿಸಿಕೊಳ್ಳುತ್ತೇವೆ ಎಂದು ಬರೆದಿತ್ತು. ಎಲ್ಲ ಸಂಶೋಧನೆಯಿಂದಲೂ ಹೀಗೆ ಹೊರಗುಳಿದರೆ ಅವರ ರಕ್ತಹೀನತೆ ಯಾರ ಲೆಕ್ಕಕ್ಕೂ ಬರುವುದಿಲ್ಲ, ನ್ಯಾಯದ ತತ್ವ ಕೇಳುವುದು ಇದನ್ನೇ ಎಂದು ಬರೆದು ನಾನು ಅದನ್ನು ಹಿಂದಿರುಗಿಸಿದೆ. ಮಕ್ಕಳು ಬಹಳ ಹೊತ್ತು ಚರ್ಚೆ ಮಾಡಿದರು. ಆ ಭಾಷೆ ಬಲ್ಲ, ತೋಟದ ಸಂಬಳದ ಹಂಗಿಲ್ಲದ ಒಬ್ಬರು ಸಿಗುವವರೆಗೆ ಮಾಹಿತಿ ಸಂಗ್ರಹ ಶುರು ಮಾಡುವುದಿಲ್ಲ ಎಂದು ಅವರೇ ತೀರ್ಮಾನಿಸಿದ್ದಾರೆ. ಕೊಯ್ಲು ಮುಗಿದರೆ ಆ ಕುಟುಂಬಗಳಲ್ಲಿ ಅರ್ಧದಷ್ಟು ಊರಿಗೆ ಹೊರಟುಬಿಡುತ್ತವೆ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಯಾರಾದರೂ ಸಿಗಬಹುದೇ ಎಂದು ಎಲ್ಲ ಕಡೆ ವಿಚಾರಿಸುತ್ತಿದ್ದೇವೆ.